ಕ್ರೂಸ್‌ಗೆ ಹೊರಟಿದ್ದೀರಾ? ಬುಕಿಂಗ್‌ನಿಂದ ಮನೆಗೆ ಬರುವವರೆಗೆ ಹುಷಾರಾಗಿರುವುದು ಹೇಗೆ

ಕ್ರೂಸ್‌ಗೆ ಹೋಗೋಣ ಅಂದ ಕೂಡಲೇ ಮನೆಯಲ್ಲಿ ಒಬ್ಬರಾದರೂ ‘ಮುಳುಗಿಬಿಟ್ರೆ?’ ಅಂತ ಕೇಳೇ ಕೇಳುತ್ತಾರೆ. ಟೈಟಾನಿಕ್ ಹೆಸರು ಬಂದೇ ಬರುತ್ತದೆ. ನಿಜ ಹೇಳಬೇಕೆಂದರೆ ದೊಡ್ಡ ಕ್ರೂಸ್ ಹಡಗು ಮುಳುಗುವುದು ತೀರಾ ಅಪರೂಪ. ಪ್ರವಾಸ ಕೆಡಿಸುವ ಸಂಗತಿಗಳೇ ಬೇರೆ. ವಾಂತಿ-ಭೇದಿ, ಜಾರಿ ಬಿದ್ದು ಮುರಿದ ಕೈ, ನಮ್ಮನ್ನು ಬಂದರಿನಲ್ಲೇ ಬಿಟ್ಟುಹೋದ ಹಡಗು, ಹಡಗಿನ ಡಾಕ್ಟರ್ ಕೊಟ್ಟ ಬಿಲ್ಲು, ಹೀಗೆ. ಇವುಗಳಲ್ಲಿ ಬಹಳಷ್ಟನ್ನು ನಾವೇ ತಪ್ಪಿಸಿಕೊಳ್ಳಬಹುದು.

ಮುಂಬೈನಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವವರು, ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆ ಸುತ್ತುವವರು, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಕೆರಿಬಿಯನ್ ಕ್ರೂಸ್ ಹತ್ತುವ ಅಪ್ಪ-ಅಮ್ಮಂದಿರು ಈಗ ನಮ್ಮಲ್ಲೂ ಜಾಸ್ತಿಯಾಗಿದ್ದಾರೆ. ಮೊದಲ ಸಲ ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

1. ದುಡ್ಡು ಕಟ್ಟುವ ಮೊದಲು

ಮೊದಲು ತಿಂಗಳು ನೋಡಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮ ಅದು. ಆದರೆ ಆ ಹೊತ್ತಿನಲ್ಲಿ ಅರಬ್ಬಿ ಸಮುದ್ರ ಹೇಗಿರುತ್ತದೆ ಅನ್ನುವುದನ್ನು ಮಂಗಳೂರು, ಮಲ್ಪೆಯ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಕಡೆ ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ. ಆಗ ಟಿಕೆಟ್ ಅಗ್ಗ, ನಿಜ. ದಾರಿ ಬದಲಾಗುವುದು, ಒಂದೆರಡು ಬಂದರು ಬಿಟ್ಟುಹೋಗುವುದು ಇವೆಲ್ಲ ಆ ಅಗ್ಗದ ಜೊತೆಗೇ ಬರುತ್ತವೆ.

ಕ್ಯಾಬಿನ್ ಆರಿಸುವಾಗ ಬಸ್ಸಿನಲ್ಲಿ ತಲೆಸುತ್ತು ಬರುವವರು ಹಡಗಿನ ನಡುಭಾಗದ, ಕೆಳಗಿನ ಡೆಕ್‌ನ (ಮಹಡಿಯ) ಕ್ಯಾಬಿನ್ ಕೇಳಿ. ತುಯ್ದಾಟ ಅಲ್ಲಿ ಕಡಿಮೆ. ಮೇಲಿನ ಡೆಕ್‌ನ ಬಾಲ್ಕನಿ ಕ್ಯಾಬಿನ್ ಫೋಟೋದಲ್ಲಿ ಚೆಂದ, ಅಲೆ ಎದ್ದಾಗ ಅಲ್ಲ.

ಬಸುರಿಯರು ಗಮನಿಸಬೇಕು. ಪ್ರಯಾಣ ಮುಗಿಯುವುದರೊಳಗೆ 24 ವಾರ ತುಂಬುವುದಾದರೆ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಕೂಸಿಗೆ ಸಾಮಾನ್ಯವಾಗಿ 6 ತಿಂಗಳಾದರೂ ಆಗಿರಬೇಕು. ದೂರದ ಸಮುದ್ರಯಾನವಾದರೆ 12 ತಿಂಗಳು.

ವೀಸಾ ವಿಷಯದಲ್ಲಿ ಸುಮ್ನೆ ಏಜೆಂಟ್ ಮಾತು ನಂಬಿ ಕೂರಬೇಡಿ. ಹೊರಟ ಬಂದರಿಗೇ ಹಡಗು ವಾಪಸ್ ಬರುವುದಾದರೆ ಒಂದೇ ಸಲ ಒಳಬಿಡುವ ವೀಸಾ ಸಾಲದು. ದಾರಿಯಲ್ಲಿ ಬರುವ ದೇಶಗಳ ನಿಯಮವನ್ನೂ ನೋಡಿಕೊಳ್ಳಿ. ಎದೆನೋವು ಅಂತ ನಡುವೆ ಎಲ್ಲೋ ಇಳಿಸಬೇಕಾಗಿ ಬಂದರೆ ಅಲ್ಲಿ ಕಾಗದಪತ್ರ ಬೇಕೇ ಬೇಕು.

ಇನ್ನು ಇನ್ಶೂರೆನ್ಸ್. ಇದೊಂದರಲ್ಲಿ ಜಿಪುಣತನ ಬೇಡವೇ ಬೇಡ. ಪಾಲಿಸಿಯಲ್ಲಿ ಮೂರು ಸಂಗತಿ ಹುಡುಕಿ. ಕ್ರೂಸ್ ಪ್ರಯಾಣ ಅದರಲ್ಲಿ ಸೇರಿದೆಯಾ? ಸಮುದ್ರದ ನಡುವಿನಿಂದ ಹೆಲಿಕಾಪ್ಟರಿನಲ್ಲೋ ದೋಣಿಯಲ್ಲೋ ಆಸ್ಪತ್ರೆಗೆ ಸಾಗಿಸುವ ಖರ್ಚು ಕೊಡುತ್ತಾರಾ? ಮೊದಲೇ ಇರುವ ಬಿಪಿ, ಶುಗರ್, ಹೃದಯದ ಕಾಯಿಲೆಗೆ ಕವರ್ ಇದೆಯಾ? ಮೂರನೆಯದನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಕ್ಲೇಮ್ ಹೊತ್ತಿನಲ್ಲಿ ಅದೇ ಕಾರಣಕ್ಕೆ ಕೈಯೆತ್ತುತ್ತಾರೆ.

2. ಬ್ಯಾಗು ಕಟ್ಟುವಾಗ

ಬಂದರಿನಲ್ಲಿ ದೊಡ್ಡ ಸೂಟ್‌ಕೇಸ್ ಹಡಗಿನವರ ಕೈಗೆ ಕೊಟ್ಟರೆ ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಎಷ್ಟೋ ಗಂಟೆ ಬಿಟ್ಟು. ಹಾಗಾಗಿ ಮಾತ್ರೆ, ಇನ್ಸುಲಿನ್, ಡಾಕ್ಟರ್ ಚೀಟಿ, ಪಾಸ್‌ಪೋರ್ಟ್ ಎಲ್ಲ ಹೆಗಲ ಚೀಲದಲ್ಲೇ ಇರಲಿ. ಪ್ರಯಾಣದ ದಿನಗಳಿಗಿಂತ ನಾಲ್ಕೈದು ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಓಆರ್‌ಎಸ್ ಪ್ಯಾಕೆಟ್, ಸಣ್ಣ ಟಾರ್ಚ್, ಅಡಿ ಜಾರದ ಚಪ್ಪಲಿ ಅಥವಾ ಶೂ ಕೂಡ ಬೇಕು.

ಬಿಟ್ಟುಹೋಗಬೇಕಾದವುಗಳ ಪಟ್ಟಿ ನಮ್ಮವರಿಗೆ ಸ್ವಲ್ಪ ಕಷ್ಟದ್ದು. ಊದುಬತ್ತಿ, ಕರ್ಪೂರ, ದೀಪ ಬೇಡ. ಇಸ್ತ್ರಿಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್, ಸ್ಪೈಕ್ ಬಸ್ಟರ್ ಕೂಡ ಬೇಡ. ತಪಾಸಣೆಯಲ್ಲಿ ಸಿಕ್ಕರೆ ಎತ್ತಿಟ್ಟುಕೊಳ್ಳುತ್ತಾರೆ. ‘ಬೆಳಗ್ಗೆ ಒಂದು ಬತ್ತಿ ಹಚ್ಚಿದರೆ ಏನಾಗುತ್ತೆ’ ಅನ್ನುವವರು ಸ್ಟಾರ್ ಪ್ರಿನ್ಸೆಸ್ ಹಡಗಿನ ಕತೆ ಕೇಳಬೇಕು. 2006ರ ಮಾರ್ಚ್‌ನಲ್ಲಿ ಜಮೈಕಾ ಹತ್ತಿರ ಅದರ ಬಾಲ್ಕನಿಯೊಂದರಲ್ಲಿ ಬೆಂಕಿ ಹತ್ತಿತು. ಆರದ ಸಿಗರೇಟಿನ ತುಂಡೇ ಕಾರಣ ಅನ್ನುವ ಶಂಕೆ ತನಿಖೆಯಲ್ಲಿ ಬಂತು. ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿದ ಬೆಂಕಿ ಸಾಲು ಸಾಲು ಕ್ಯಾಬಿನ್ ಸುಟ್ಟಿತು, ಒಬ್ಬ ಪ್ರಯಾಣಿಕ ತೀರಿಹೋದರು. ಆಮೇಲೆ ಬಾಲ್ಕನಿಯಲ್ಲಿ ಏನಿರಬೇಕು, ಏನಿರಬಾರದು ಅನ್ನುವ ಅಂತಾರಾಷ್ಟ್ರೀಯ ನಿಯಮಗಳೇ ಬದಲಾದವು. ಹಡಗಿನಲ್ಲಿ ಬೆಂಕಿ ಬಿದ್ದರೆ ಹೊರಗೆ ಓಡಿಹೋಗಲು ರಸ್ತೆ ಇರುವುದಿಲ್ಲ, ಅಲ್ವಾ?

3. ಹತ್ತಿದ ದಿನ ಮೊದಲ ಕೆಲಸ ಊಟವಲ್ಲ

ಎಲ್ಲರೂ ಬಫೆಗೆ ಓಡುತ್ತಾರೆ. ನೀವು ಮೊದಲು ನಿಮ್ಮ ಮಸ್ಟರ್ ಸ್ಟೇಷನ್ ಹುಡುಕಿ. ಅಪಾಯದ ಹೊತ್ತಿನಲ್ಲಿ ನೀವು ಹೋಗಿ ಸೇರಬೇಕಾದ ಜಾಗ ಅದು. ಕ್ಯಾಬಿನ್ ಕಾರ್ಡಿನ ಮೇಲೆ ಒಂದು ಅಕ್ಷರವೋ ಸಂಖ್ಯೆಯೋ ಇರುತ್ತದೆ. ಬಾಗಿಲ ಹಿಂದೆ ನಕ್ಷೆಯೂ ಇರುತ್ತದೆ. ಈಗ ಹಲವು ಹಡಗುಗಳಲ್ಲಿ ಫೋನ್ ಅಥವಾ ಟಿವಿಯಲ್ಲಿ ವಿಡಿಯೋ ನೋಡಿ, ಆಮೇಲೆ ಸ್ಟೇಷನ್‌ಗೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿ ಬಂದರೆ ಮುಗಿಯಿತು. ಅಲ್ಲೇ ಜನ ಮೋಸಹೋಗುವುದು. ಸ್ಕ್ಯಾನ್ ಆಯಿತು ಅಂದರೆ ದಾರಿ ಗೊತ್ತಾಯಿತು ಅಂತ ಅರ್ಥವಲ್ಲ.

ಹೀಗೆ ಮಾಡಿ. ಕ್ಯಾಬಿನ್ ಬಾಗಿಲಿನಿಂದ ಹೊರಟು, ಲಿಫ್ಟ್ ಹತ್ತದೆ, ಮೆಟ್ಟಿಲಿನ ಮೇಲೇ ಸ್ಟೇಷನ್‌ವರೆಗೆ ನಡೆಯಿರಿ. ಹೋಗುವಾಗ ನಿಮ್ಮ ಬಾಗಿಲಿನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ಅಂತ ಎಣಿಸಿ. ಹೊಗೆ ತುಂಬಿದ ಕತ್ತಲೆಯಲ್ಲಿ ಗೋಡೆ ಸವರುತ್ತಾ ಹೋಗುವಾಗ ಆ ಲೆಕ್ಕವೇ ಗತಿ. ವಾಪಸ್ ಬರುವಾಗ ಬೇರೆ ಮೆಟ್ಟಿಲಿನಲ್ಲಿ ಬನ್ನಿ. ಮನೆಯ ಹಿರಿಯರನ್ನೂ ನಡೆಸಿ. ಅವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮಗೂ ತಿಳಿಯುತ್ತದೆ.

ಲೈಫ್ ಜಾಕೆಟ್ ಕೆಲವು ಹಡಗುಗಳಲ್ಲಿ ಕ್ಯಾಬಿನ್ನಿನ ಕಪಾಟಿನಲ್ಲಿರುತ್ತದೆ, ಹೊಸ ಹಡಗುಗಳಲ್ಲಿ ಸ್ಟೇಷನ್ನಿನಲ್ಲೇ ಇಟ್ಟಿರುತ್ತಾರೆ. ಕ್ಯಾಬಿನ್ನಿನಲ್ಲಿದ್ದರೆ ಒಂದು ಸಲ ಹಾಕಿ ನೋಡಿ. ಪಟ್ಟಿಯನ್ನು ಸೊಂಟದ ಸುತ್ತ ತಂದು ಬಕಲ್ ಸಿಕ್ಕಿಸಿ, ಬಿಗಿಯಾಗಿ ಎಳೆಯಿರಿ. ಸಡಿಲ ಬಿಟ್ಟರೆ ನೀರಿಗೆ ಬಿದ್ದಾಗ ಅದು ಕಿವಿಯವರೆಗೆ ಏರುತ್ತದೆ. ಎದೆಯ ಹತ್ತಿರ ಒಂದು ಸೀಟಿ, ಒಂದು ಪುಟ್ಟ ಲೈಟು ಇರುತ್ತವೆ. ಮಗುವಿಗೆ ದೊಡ್ಡವರ ಜಾಕೆಟ್ ಆಗುವುದಿಲ್ಲ. ಚಿಕ್ಕ ಅಳತೆಯದು ಬೇಕು ಅಂತ ಕ್ಯಾಬಿನ್ ಸಿಬ್ಬಂದಿಗೆ ಅಂದೇ ಹೇಳಿ.

ಅಪಾಯದ ಸೂಚನೆ ಅಂದರೆ ಏಳು ಚಿಕ್ಕ ಸದ್ದು, ಆಮೇಲೆ ಒಂದು ಉದ್ದನೆಯದು. ಕೇಳಿದ ಕೂಡಲೇ ಬೆಚ್ಚಗಿನ ಬಟ್ಟೆ, ಶೂ, ಮಾತ್ರೆ, ಕಾರ್ಡ್ ತೆಗೆದುಕೊಂಡು ಹೊರಡಿ. ಸೂಟ್‌ಕೇಸ್ ಮುಟ್ಟಬೇಡಿ. ಕ್ಯಾಬಿನ್‌ನಿಂದ ದೂರ ಇದ್ದರೆ ವಾಪಸ್ ಹೋಗಬೇಡಿ, ನೇರ ಸ್ಟೇಷನ್‌ಗೆ ನಡೆಯಿರಿ. ಮಕ್ಕಳು ಹಡಗಿನ ಮಕ್ಕಳ ಕೋಣೆಯಲ್ಲಿದ್ದರೆ ಅವರನ್ನು ಯಾರು, ಎಲ್ಲಿಗೆ ಕರೆತರುತ್ತಾರೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಎಷ್ಟೋ ಹಡಗುಗಳಲ್ಲಿ ಮಕ್ಕಳ ಕೈಗೆ ಸ್ಟೇಷನ್ ಸಂಖ್ಯೆಯ ಪಟ್ಟಿ ಕಟ್ಟುತ್ತಾರೆ. ಅದು ಗೊತ್ತಿಲ್ಲದ ಅಪ್ಪ-ಅಮ್ಮ ಜನರ ಎದುರು ದಿಕ್ಕಿಗೆ ಓಡುತ್ತಾರೆ.

ಇಷ್ಟೊಂದು ಯಾಕೆ ಅಂತೀರಾ? 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿಯಿತು. ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನ. ಅದೇ ಸಂಜೆ ಚಿವಿತವೆಕ್ಕಿಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ (ಅಪಾಯದಲ್ಲಿ ಏನು ಮಾಡಬೇಕು ಅನ್ನುವ ಅಭ್ಯಾಸ) ಆಗಿರಲೇ ಇಲ್ಲ, ಮರುದಿನಕ್ಕೆ ಇಟ್ಟಿದ್ದರು. ಆಗಿನ ನಿಯಮದಲ್ಲಿ 24 ಗಂಟೆಯ ಸಡಿಲ ಇತ್ತು. ಮೊದಲು ‘ಕರೆಂಟಿನ ತೊಂದರೆ’ ಅಂತ ಹೇಳಿದರು. ಹಡಗು ಬಿಡಿ ಅನ್ನುವ ಆದೇಶ ಬಂದದ್ದು ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದ ಮೇಲೆ. ಅಷ್ಟರಲ್ಲಿ ಹಡಗು ವಾಲಿಕೊಂಡು ಲೈಫ್‌ಬೋಟ್ ಇಳಿಸುವುದೇ ಕಷ್ಟವಾಗಿತ್ತು. 32 ಜನ ಸತ್ತರು. ಕ್ಯಾಪ್ಟನ್ ಫ್ರಾಂಚೆಸ್ಕೊ ಸ್ಕೆಟ್ಟಿನೊಗೆ 16 ವರ್ಷ ಶಿಕ್ಷೆಯಾಯಿತು. 2015ರ ಜನವರಿ 1ರಿಂದ ನಿಯಮ ಬದಲಾಗಿದೆ. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು. ‘ಬೋರು’ ಅಂತ ಅದನ್ನು ತಪ್ಪಿಸಿಕೊಳ್ಳಲು ನೋಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

4. ಕೈ ತೊಳೆಯಿರಿ, ಸೋಪಿನಲ್ಲಿ

ಹಡಗಿನ ವಾಂತಿ-ಭೇದಿಗೆ ಮುಖ್ಯ ಕಾರಣ ನೊರೋವೈರಸ್. ಬಫೆಯಲ್ಲಿ ಸಾಲಾಗಿ ನಿಂತ ನೂರು ಜನ ಅನ್ನದ ಒಂದೇ ಚಮಚ ಹಿಡಿಯುತ್ತಾರೆ. ಅವರಲ್ಲಿ ಒಬ್ಬರು ಟಾಯ್ಲೆಟ್‌ನಿಂದ ಬಂದು ಕೈ ಸರಿಯಾಗಿ ತೊಳೆದಿಲ್ಲ. ನೀವು ಅದೇ ಚಮಚ ಹಿಡಿದು ಬಡಿಸಿಕೊಂಡು, ಅದೇ ಕೈಯಲ್ಲಿ ರೊಟ್ಟಿ ಮುರಿದು ಬಾಯಿಗಿಡುತ್ತೀರಿ. ಕೈಯಲ್ಲೇ ಉಣ್ಣುವ ನಮಗೆ ಇದು ಇನ್ನೂ ಮುಖ್ಯ. ಬಾಗಿಲಲ್ಲಿ ಸಿಬ್ಬಂದಿ ನಗುನಗುತ್ತಾ ಸ್ಯಾನಿಟೈಸರ್ ಹಾಕುತ್ತಾರಲ್ಲ, ಈ ವೈರಸ್ಸಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು, 20 ಸೆಕೆಂಡ್ ಉಜ್ಜುವುದು, ಇದೇ ಮದ್ದು. ಬಡಿಸಿಕೊಂಡು ತಟ್ಟೆ ಮೇಜಿನ ಮೇಲಿಟ್ಟ ಮೇಲೆ ಇನ್ನೊಂದು ಸಲ ತೊಳೆದು ಬಂದರೆ ಇನ್ನೂ ಒಳ್ಳೆಯದು.

ವೈರಸ್ ಒಳಹೊಕ್ಕ 12ರಿಂದ 48 ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ. ಆಗ ಮುಚ್ಚಿಡಬೇಡಿ, ಮೆಡಿಕಲ್ ಸೆಂಟರ್‌ಗೆ ಫೋನ್ ಮಾಡಿ. ಒಂದೆರಡು ದಿನ ಕ್ಯಾಬಿನ್ ಬಿಟ್ಟು ಬರಬೇಡಿ ಅನ್ನುತ್ತಾರೆ. ದುಡ್ಡು ಕೊಟ್ಟು ಬಂದು ಕೋಣೆಯಲ್ಲಿ ಕೂರುವುದು ಯಾರಿಗೆ ಇಷ್ಟ? ಆದರೆ ಹಾಗೆ ಮುಚ್ಚಿಟ್ಟವರಿಂದಲೇ ಅದು ಹರಡುವುದು. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯುತ್ತಿರಿ. ವಾಂತಿ-ಭೇದಿ ನಿಂತ ಮೇಲೂ ಎಷ್ಟೋ ದಿನ ವೈರಸ್ ಹೊರಬರುತ್ತಲೇ ಇರುತ್ತದೆ, ಹಾಗಾಗಿ ಎರಡು ದಿನವಾದರೂ ಆರಾಮಾಯಿತು ಅಂತ ಬಫೆಗೆ ಓಡಬೇಡಿ.

ಅಮೆರಿಕದ ಬಂದರುಗಳಿಗೆ ಹೋಗುವ ಹಡಗಾದರೆ ಬುಕ್ ಮಾಡುವ ಮೊದಲೇ ಒಂದು ಕೆಲಸ ಮಾಡಬಹುದು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಈ ಹಡಗುಗಳ ಅಡುಗೆಮನೆ, ನೀರು, ಈಜುಕೊಳ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ಅಂಕ ಎಲ್ಲರೂ ನೋಡುವಂತೆ ಆನ್‌ಲೈನ್‌ನಲ್ಲಿದೆ. ಅಲ್ಲಿನ ಹಡಗಿನಲ್ಲಿ 3%ಗೆ ಮುಟ್ಟಿದಷ್ಟು ಪ್ರಯಾಣಿಕರಿಗೋ ಸಿಬ್ಬಂದಿಗೋ ವಾಂತಿ-ಭೇದಿಯಾದರೆ ಅದೂ ಬಹಿರಂಗ.

ಸಿಬ್ಬಂದಿಯ ಮಾತು ಬಂದದ್ದಕ್ಕೆ ಒಂದು ವಿಷಯ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೋವಿಡ್‌ಗಾಗಿ ತಡೆದಿಟ್ಟಾಗ ಅದರಲ್ಲಿದ್ದವರು 3,711 ಜನ. 712 ಜನರಿಗೆ ಸೋಂಕು ತಗುಲಿತು. ಅಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿಯೇ. ಪ್ರಯಾಣಿಕರು ಕೋಣೆಯೊಳಗೆ ಕೂತಾಗ ಊಟದ ಟ್ರೇ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋದವರು, ರಾತ್ರಿ ಕೋಣೆ ಹಂಚಿಕೊಂಡು ಮಲಗಿದವರು ಈ ಸಿಬ್ಬಂದಿ. ಮಂಗಳೂರು, ಉಡುಪಿ, ಕಾರವಾರ, ಗೋವಾ ಕಡೆಯ ಎಷ್ಟೋ ಹುಡುಗರು ಇಂಥ ಹಡಗುಗಳಲ್ಲಿ ದುಡಿಯುತ್ತಾರೆ. ನಿಮ್ಮ ಕಾಯಿಲೆ ಮುಚ್ಚಿಟ್ಟರೆ ಮೊದಲು ತಗುಲುವುದು ಅವರಿಗೆ.

5. ಅಲೆ ಎದ್ದಾಗ

ತಲೆಸುತ್ತಿನ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವೊಮಿನ್‌ನಂಥ ಮಾತ್ರೆಯನ್ನು ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರುತ್ತದೆ. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ಡಾಕ್ಟರನ್ನು ಕೇಳದೆ ನುಂಗಬಾರದು. ಡೆಕ್ ಮೇಲೆ ಬಂದು ದೂರದಲ್ಲಿ ಆಕಾಶ ಸಮುದ್ರ ಸೇರುವ ಗೆರೆ ನೋಡುತ್ತಿದ್ದರೂ ಕಡಿಮೆಯಾಗುತ್ತದೆ.

ನಡೆಯುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ. ಡೆಕ್‌ಗೆ ತೆರೆಯುವ ಬಾಗಿಲುಗಳು ಭಾರ, ಗಾಳಿಗೆ ಧಡಾರನೆ ಮುಚ್ಚಿಕೊಳ್ಳುತ್ತವೆ. ಬಾಗಿಲ ಸಂದಿಯಲ್ಲಿ ಬೆರಳಿಡಬೇಡಿ. ಕ್ಯಾಬಿನ್ ಬಚ್ಚಲಿನ ಹೊಸ್ತಿಲು ಎತ್ತರ, ರಾತ್ರಿ ಎದ್ದಾಗ ಎಡವುವುದು ಅಲ್ಲೇ. ಕ್ಯಾಪ್ಟನ್ ‘ಕೂತೇ ಇರಿ’ ಅಂದರೆ ಕೂತೇ ಇರಿ. 2023ರ ನವೆಂಬರ್‌ನಲ್ಲಿ ಯುರೋಪಿನ ಬಿಸ್ಕೆ ಕೊಲ್ಲಿಯ ಬಿರುಗಾಳಿಯಲ್ಲಿ ಸ್ಪಿರಿಟ್ ಆಫ್ ಡಿಸ್ಕವರಿ ಹಡಗು ಇದ್ದಕ್ಕಿದ್ದಂತೆ ನಿಂತುಹೋಗಿ ಸುಮಾರು 100 ಜನರಿಗೆ ಏಟಾಯಿತು.

6. ಮಕ್ಕಳು ಮತ್ತು ರೇಲಿಂಗ್

ಫೋಟೋಗಾಗಿ ಮಗುವನ್ನು ರೇಲಿಂಗ್ ಮೇಲೆ ಕೂರಿಸಬೇಡಿ. ಕಿಟಕಿಯ ಅಂಚಿಗೂ ಎತ್ತಬೇಡಿ. ಬಾಲ್ಕನಿಯಲ್ಲಿ ಕುರ್ಚಿ ರೇಲಿಂಗ್‌ಗೆ ತಾಗಿ ಇರಬಾರದು. ಈಜುಕೊಳದಲ್ಲಿ ಕಾವಲಿಗೆ ಲೈಫ್‌ಗಾರ್ಡ್ ಇರುತ್ತಾರೆ ಅಂದುಕೊಳ್ಳಬೇಡಿ, ಹಲವು ಹಡಗುಗಳಲ್ಲಿ ಇರುವುದಿಲ್ಲ.

ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ ‘ಮ್ಯಾನ್ ಓವರ್‌ಬೋರ್ಡ್’ ಅಂತ ಗಂಟಲು ಹರಿಯುವಂತೆ ಕೂಗಿ. ಹತ್ತಿರದಲ್ಲಿರುವ ತೇಲುಬಳೆ ಎಸೆಯಿರಿ. ಆಮೇಲೆ ಒಬ್ಬರ ಕೆಲಸ ಒಂದೇ. ಬಿದ್ದವರ ಕಡೆ ಬೆರಳು ತೋರಿಸುತ್ತಾ ನಿಲ್ಲುವುದು, ಕಣ್ಣು ಆಚೀಚೆ ಮಾಡದೆ. ಹಡಗು ಮುಂದೆ ಹೋಗುತ್ತಲೇ ಇರುತ್ತದೆ. ಅಲೆಗಳ ನಡುವೆ ಒಂದು ತಲೆ, ಒಂದು ಸಲ ಕಣ್ತಪ್ಪಿದರೆ ಮತ್ತೆ ಸಿಗುವುದಿಲ್ಲ. ಹಾರಿ ಕಾಪಾಡಲು ಹೋಗಬೇಡಿ.

7. ಬಂದರಿನಲ್ಲಿ ಗಡಿಯಾರ ನಂಬುವ ಮುಂಚೆ

ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ದೋಣಿ ಏರುತ್ತದೆ, ಇಳಿಯುತ್ತದೆ, ಹಡಗಿನ ಮೆಟ್ಟಿಲು ಮಾತ್ರ ಅಲ್ಲೇ ಇರುತ್ತದೆ. ಕೈಯಲ್ಲಿ ಫೋನು, ನೀರಿನ ಬಾಟ್ಲಿ ಏನೂ ಇರಬಾರದು. ಸಿಬ್ಬಂದಿ ನಿಮ್ಮ ಮುಂಗೈ ಹಿಡಿಯುತ್ತಾರೆ, ನೀವೂ ಅವರ ಮುಂಗೈ ಹಿಡಿಯಿರಿ, ಬೆರಳಲ್ಲ. ಅವರು ‘ಈಗ’ ಅಂದಾಗ ಒಂದೇ ಹೆಜ್ಜೆ, ಅರ್ಧದಲ್ಲಿ ನಿಲ್ಲಬಾರದು. ಮಂಡಿನೋವಿನ ಹಿರಿಯರಿಗೆ ಅಲೆ ಜಾಸ್ತಿ ಇದ್ದ ದಿನ ಹಡಗಿನಲ್ಲೇ ಇರಿ ಅಂತ ಹೇಳುವುದು ಲೇಸು. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಇನ್ನು ಸಮಯ. ಸಿಂಗಾಪುರದಿಂದ ಹೊರಟ ಹಡಗು ಫುಕೆಟ್‌ಗೆ ಬಂದರೂ ಸಿಂಗಾಪುರದ ಗಡಿಯಾರದಲ್ಲೇ ನಡೆಯುತ್ತಿರಬಹುದು. ನಿಮ್ಮ ಫೋನ್ ಮಾತ್ರ ತಾನಾಗಿಯೇ ಥಾಯ್ಲೆಂಡ್ ಸಮಯಕ್ಕೆ ತಿರುಗುತ್ತದೆ. ಫೋನಲ್ಲಿ 4 ಗಂಟೆ ಅಂದರೆ ಹಡಗಿನಲ್ಲಿ 5. ಇಳಿಯುವ ಮೊದಲು ಗ್ಯಾಂಗ್‌ವೇ (ಹಡಗು ಹತ್ತಿ ಇಳಿಯುವ ದಾರಿ) ಹತ್ತಿರ ಬರೆದಿರುವ ಸಮಯ ನೋಡಿ, ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಡಿ.

ಹಡಗು ಕಾಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ತೋಮೆ ದ್ವೀಪದಲ್ಲಿ ನಾರ್ವೇಜಿಯನ್ ಡಾನ್ ಹಡಗಿನ ಎಂಟು ಪ್ರಯಾಣಿಕರು ಖಾಸಗಿ ಟೂರಿಗೆ ಹೋಗಿ ತಡವಾಗಿ ಬಂದರು. ಹಡಗು ಇನ್ನೂ ಕಣ್ಣಿಗೆ ಕಾಣುತ್ತಿತ್ತು, ಹತ್ತಿಸಿಕೊಳ್ಳಲಿಲ್ಲ. ಕೆಲವರ ಔಷಧಿ ಹಡಗಿನಲ್ಲೇ ಉಳಿದಿತ್ತು. ದೇಶ ದೇಶ ದಾಟಿ ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಮತ್ತೆ ಹಡಗು ಹತ್ತಿದರು. ಹಡಗಿನವರೇ ನಡೆಸುವ ಟೂರು ದುಬಾರಿ, ಆದರೆ ಅದು ತಡವಾದರೆ ಜವಾಬ್ದಾರಿ ಅವರದು. ಹೊರಗಿನ ಟೂರಿಗೆ ಹೋದರೆ ಎರಡು ಗಂಟೆ ಮುಂಚೆ ವಾಪಸ್ ಬರುವ ಲೆಕ್ಕ ಹಾಕಿ. ಚೀಲದಲ್ಲಿ ಎರಡು ದಿನದ ಮಾತ್ರೆ, ಪಾಸ್‌ಪೋರ್ಟ್ ಪ್ರತಿ, ಕಾರ್ಡು, ಜೊತೆಗೆ ಹಡಗಿನ ದಿನದ ಹಾಳೆಯಲ್ಲಿ ಅಚ್ಚಾಗಿರುವ ಬಂದರಿನ ಏಜೆಂಟ್ ನಂಬರ್ ಇರಲಿ.

8. ಕರೆಂಟ್ ಹೋದರೆ

ಹಡಗಿನಲ್ಲಿ ಓಡಿಸುವ ಶಕ್ತಿಯೂ ದೀಪ, ಎಸಿ, ಅಡುಗೆಮನೆಯ ಕರೆಂಟೂ ಸಾಮಾನ್ಯವಾಗಿ ಅದೇ ಎಂಜಿನ್ನುಗಳಿಂದ ಬರುತ್ತವೆ. ಟಾಯ್ಲೆಟ್ಟೂ ಕರೆಂಟಿನಿಂದಲೇ ಎಳೆಯುವಂಥದ್ದು. 2013ರ ಫೆಬ್ರವರಿ 10ರಂದು ಕಾರ್ನಿವಲ್ ಟ್ರಯಂಫ್ ಹಡಗಿನಲ್ಲಿ ಇಂಧನದ ಪೈಪ್ ಸೋರಿ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. 4,200ರಷ್ಟು ಜನ ನಾಲ್ಕು ದಿನ ಮೆಕ್ಸಿಕೋ ಕೊಲ್ಲಿಯಲ್ಲಿ ತೇಲಿದರು, ಕೊನೆಗೆ ಟಗ್ ದೋಣಿಗಳು ಎಳೆದು ಅಲಬಾಮಾದ ಮೊಬೀಲ್‌ಗೆ ತಂದವು. ಯಾರೂ ಸಾಯಲಿಲ್ಲ. ಆದರೆ ಟಾಯ್ಲೆಟ್ ಇಲ್ಲದ ಆ ದಿನಗಳನ್ನು ಜನ ಇವತ್ತಿಗೂ ಮರೆತಿಲ್ಲ.

ಹೀಗಾದರೆ ಮೊದಲು ಫೋನಿನ ಚಾರ್ಜ್ ಉಳಿಸಿ. ಕುಡಿಯುವ ನೀರು ಬಾಟ್ಲಿಗೆ ತುಂಬಿಸಿ. ಲಿಫ್ಟ್ ಹತ್ತಬೇಡಿ. ಒಳಗಿನ ಕ್ಯಾಬಿನ್ ಬೇಯುತ್ತಿದ್ದರೆ ಸಿಬ್ಬಂದಿಯನ್ನು ಕೇಳಿ ಡೆಕ್‌ನಲ್ಲಿ ಜಾಗ ಹಿಡಿಯಿರಿ. ಇನ್ಸುಲಿನ್ ಇಡಲು ತಂಪಾದ ಜಾಗ ಎಲ್ಲಿದೆ ಅಂತ ಮೆಡಿಕಲ್ ಸೆಂಟರ್‌ನಲ್ಲಿ ವಿಚಾರಿಸಿ. ಟ್ರಯಂಫ್ ಘಟನೆಯಾದ ಮೇಲೆ ಅದೇ ವರ್ಷ ಕ್ರೂಸ್ ಕಂಪನಿಗಳ ಒಕ್ಕೂಟ ಪ್ರಯಾಣಿಕರ ಹಕ್ಕುಗಳ ಪಟ್ಟಿ ತಂದಿತು. ಯಂತ್ರದ ದೋಷದಿಂದ ಪ್ರವಾಸ ರದ್ದಾದರೆ ಪೂರ್ತಿ ಹಣ ವಾಪಸ್ ಅನ್ನುವುದು ಅದರಲ್ಲಿದೆ. ನಿಮ್ಮ ಕಂಪನಿ ಆ ಒಕ್ಕೂಟದಲ್ಲಿದೆಯಾ ನೋಡಿ. ಟಿಕೆಟ್ ಕರಾರನ್ನೂ ಓದಿ. ದಾವೆ ಯಾವ ಊರಲ್ಲಿ ಹೂಡಬೇಕು, ಎಷ್ಟು ದಿನದೊಳಗೆ ಅಂತ ಅದರಲ್ಲೇ ಬರೆದಿರುತ್ತದೆ.

9. ಡಾಕ್ಟರ್, ಬಿಲ್ಲು, ವಾಪಸ್ ಬಂದ ಮೇಲೆ

ಹಡಗಿನ ಮೆಡಿಕಲ್ ಸೆಂಟರಿನಲ್ಲಿ ಇಸಿಜಿ, ಎಕ್ಸ್‌ರೇ, ಡ್ರಿಪ್ ಇರುತ್ತವೆ. ದೊಡ್ಡ ಆಪರೇಷನ್ ಇಲ್ಲ. ಖರ್ಚು ಮೊದಲು ನಿಮ್ಮ ಕ್ಯಾಬಿನ್ ಖಾತೆಗೇ ಬೀಳುತ್ತದೆ, ಇನ್ಶೂರೆನ್ಸ್‌ನಿಂದ ನೀವು ಆಮೇಲೆ ವಸೂಲು ಮಾಡಿಕೊಳ್ಳಬೇಕು. ಇಳಿಯುವ ಮೊದಲೇ ಡಾಕ್ಟರ್ ಸಹಿ ಇರುವ ವರದಿ, ಬಿಡಿಬಿಡಿಯಾಗಿ ಬರೆದ ಬಿಲ್ಲು, ಪರೀಕ್ಷೆಯ ಫಲಿತಾಂಶ ಕೇಳಿ ತೆಗೆದುಕೊಳ್ಳಿ. ಬಿದ್ದು ಏಟಾಗಿದ್ದರೆ ಆ ಜಾಗದ ಫೋಟೋ ತೆಗೆದು, ಸೆಕ್ಯುರಿಟಿಯವರಿಂದ ಬರಹದಲ್ಲಿ ದೂರು ದಾಖಲಿಸಿಕೊಂಡು ಪ್ರತಿ ಪಡೆಯಿರಿ. ಊರಿಗೆ ಬಂದು ಇಮೇಲ್ ಮಾಡೋಣ ಅಂದುಕೊಂಡರೆ ಅದು ಎಳೆದಾಟವೇ.

ಮನೆಗೆ ಬಂದು ಎರಡು ವಾರದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಶುರುವಾದರೆ ಡಾಕ್ಟರಿಗೆ ‘ಕ್ರೂಸ್‌ಗೆ ಹೋಗಿದ್ದೆ’ ಅಂತ ಹೇಳಿ. ಬಿಸಿನೀರಿನ ಟಬ್‌ಗಳ ಆವಿಯಿಂದ ಹರಡುವ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ನ್ಯುಮೋನಿಯಾ ತರುತ್ತದೆ. ಅದು ಕಾಣಿಸಿಕೊಳ್ಳಲು 2ರಿಂದ 14 ದಿನ ಬೇಕು. ಅದಕ್ಕೆ ಕೊಡುವ ಆಂಟಿಬಯಾಟಿಕ್ ಬೇರೆ, ಮಾಡಿಸುವ ಪರೀಕ್ಷೆಯೂ ಬೇರೆ. ಟಬ್‌ನಲ್ಲಿ ಕೂತಿದ್ದರೆ ಅದನ್ನೂ ಹೇಳಿ.